ಇಂಗ್ಲಿಷಿನ ನೇಮ, ಉಪ್ಪಿಲ್ಲದ ಊಟ

ನನ್ನ ಸೊಸೆಯನ್ನು ನೋಡಿ ನಾಲ್ಕು ಜನ ನಕ್ಕರು. ನಕ್ಕು, ಕೆಲಸಕ್ಕೆ ಯೋಗ್ಯಳಲ್ಲವೆಂದು ಹೊರಗೆ ಕಳುಹಿಸಿದರು. ನಡೆದದ್ದು ಚಿಕ್ಕೋಡಿಯ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ, ಹೋದ ವರ್ಷದ ಬೇಸಿಗೆಯ ಒಂದು ಸೋಮವಾರ. ಶಾಲೆಯ ಹೆಸರನ್ನು ನಾನು ಬರೆಯುವುದಿಲ್ಲ. ಬರೆಯದಿದ್ದರೂ ಇದು ತಮ್ಮ ಬಗೆಗೇ ಎಂದು ಆ ನಾಲ್ವರಿಗೆ ತಿಳಿಯುತ್ತದೆ.

ಗಣಿತದ ಶಿಕ್ಷಕರು ಬೇಕಾಗಿದ್ದಾರೆಂದು ಅವರೇ ಪ್ರಕಟಣೆ ಕೊಟ್ಟಿದ್ದರು. ನನ್ನ ಸೊಸೆ ಗಣಿತದಲ್ಲಿ ಪದವಿ ಪಡೆದವಳು, ಬಿ.ಎಡ್. ಮುಗಿಸಿದವಳು. ಹುಟ್ಟಿದ್ದು ರಾಯಬಾಗ ತಾಲೂಕಿನ, ಕೃಷ್ಣಾ ದಂಡೆಯ ದಿಗ್ಗೇವಾಡಿಯಲ್ಲಿ, ಹತ್ತನೆಯ ತರಗತಿಯವರೆಗೆ ಕನ್ನಡ ಶಾಲೆ, ಕಾಲೇಜು ಅಥಣಿಯಲ್ಲಿ. ಇಂಗ್ಲಿಷನ್ನು ಓದಿ, ಬರೆದು, ಪರೀಕ್ಷೆ ದಾಟಿದ್ದಳೇ ಹೊರತು ಬಾಯಿ ತೆರೆದು ಆಡುವ ಪ್ರಸಂಗ ಅವಳಿಗೆ ಒದಗಿರಲಿಲ್ಲ. ಮಗ ಅಥಣಿ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಆದ್ದರಿಂದ ಆ ದಿನ ಅವಳ ಜೊತೆಗೆ ನಮ್ಮ ಊರು ಸದಲಗಾದಿಂದ ಬಸ್ಸು ಹತ್ತಿದವನು ನಾನು.

ನಮ್ಮನ್ನು ಹತ್ತು ಗಂಟೆಗೆ ಬರಹೇಳಿದ್ದರು. ಒಳಗೆ ಕರೆದದ್ದು ಒಂದಕ್ಕೆ ಹತ್ತು ನಿಮಿಷ ಇದ್ದಾಗ. ಈ ನಡುವೆ ಯಾರೂ ನೀರು ಬೇಕೇ ಎಂದು ಕೇಳಲಿಲ್ಲ. ನಮ್ಮ ನಂತರ ಕಾರಿನಲ್ಲಿ ಬಂದವರಿಗೆ ಸಿಪಾಯಿ ಕುರ್ಚಿ ತಂದ. ನಮಗೆ ಕೂಡಲು ತೋರಿಸಿದ ಕಟ್ಟಿಗೆಯ ಬಾಕಿನ ಒಂದು ಕಾಲು ಗಿಡ್ಡವಾಗಿತ್ತು. ಸೊಸೆಯ ತೊಡೆಯ ಮೇಲೆ ಒಂದು ಬಟ್ಟೆಯ ಚೀಲವಿತ್ತು. ಅದರೊಳಗೆ ಹಲಗೆಯ ಮೇಲೆ ಬರೆಯುವ ಹೊಸ ಖಡುಗಳ ಡಬ್ಬಿ, ಕಟ್ಟಿಗೆಯ ದೊಡ್ಡ ಕೈವಾರ, ಮತ್ತು ಪಾಠದ ಟಿಪ್ಪಣಿಯ ವಹಿ. ವೃತ್ತದ ಸ್ಪರ್ಶಕದ ಪಾಠವನ್ನು ಕಲಿಸಿ ತೋರಿಸು ಎಂದಾರು ಎಂದು ಎರಡು ದಿನ ಅಡುಗೆಮನೆಯ ಗೋಡೆಗೆ ಮುಖ ಮಾಡಿ ತಯಾರಿ ನಡೆಸಿದ್ದಳು.

ಕೋಣೆಯ ಬಾಗಿಲು ತೆರೆದೇ ಇತ್ತು. ನಿಮ್ಮ ಬಗ್ಗೆ ಹೇಳಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವಳು ಹೆಸರು ಹೇಳಿದಳು, ಊರು ಹೇಳಿದಳು, ಮೂರನೆಯ ವಾಕ್ಯದ ನಡುವೆ ನಿಂತುಬಿಟ್ಟಳು. ಬಾಯಿಗೆ ಬಂದ ಶಬ್ದ ಕನ್ನಡದ್ದಾಗಿತ್ತು, ಅದನ್ನು ನುಂಗಿಕೊಂಡಳು. ಮೊದಲು ನಕ್ಕವರು ಎಡತುದಿಯಲ್ಲಿದ್ದ ಬೆಳ್ಳಿಯ ಕಟ್ಟಿನ ಕನ್ನಡಕದವರು. ಆಮೇಲೆ ಅವರ ಪಕ್ಕದವರು. ಮೂರನೆಯವರು, "ರಾಯಬಾಗ ಕಡೇ ಇಂಗ್ಲಿಷ್ ಇದು" ಎಂದರು. ಆಗ ನಾಲ್ಕನೆಯವರೂ ನಕ್ಕರು. ಕನ್ನಡಕದವರು ಹೇಳಿದ ಕೊನೆಯ ಮಾತು ಇದು: "ತಾಯಿ, ಇದು ಕನ್ನಡ ಸಾಳಿ ಅಲ್ಲ. ಇಂಗ್ಲಿಷ್ ಬಂದ ಮ್ಯಾಲ ಬರ್ರಿ."

ಮೂರು ತಾಸು ಕಾಯಿಸಿದವರು ನಾಲ್ಕು ನಿಮಿಷದಲ್ಲಿ ಮುಗಿಸಿದ್ದರು. ಚೀಲದ ಗಂಟನ್ನು ಯಾರೂ ಬಿಚ್ಚಿಸಲಿಲ್ಲ.

ನಾನು ಮೋಜಣಿ ಇಲಾಖೆಯಲ್ಲಿ ಭೂಮಾಪಕನಾಗಿದ್ದವನು. ನಿಪ್ಪಾಣಿಯ ತಂಬಾಕಿನ ಹೊಲಗಳಿಂದ ಕಾಗವಾಡದ ಕಬ್ಬಿನ ತೋಟಗಳವರೆಗೆ ಸರಪಳಿ ಹಿಡಿದು ಅಳೆದವನು. ಹೊಲದ ಗಡಿಯ ಬಾಂದದ ಕಲ್ಲನ್ನು ಒಬ್ಬನು ಒಂದು ಗೇಣು ಸರಿಸಿದರೂ ಅದು ಯಾವ ಮೂಲೆಯಿಂದ ಯಾವ ಕಡೆಗೆ ಸರಿಯಿತೆಂದು ಬರೆದಿಡುವುದು ನನ್ನ ವೃತ್ತಿಯಾಗಿತ್ತು. ಆ ಅಭ್ಯಾಸ ನಿವೃತ್ತಿಯಿಂದ ಹೋಗುವಂಥದಲ್ಲ. ನಕ್ಕವರ ಅನುಕ್ರಮವನ್ನು ನಾನು ಬಸ್ ಸ್ಟ್ಯಾಂಡ್ ಮುಟ್ಟುವ ಮೊದಲೇ ಮನಸ್ಸಿನಲ್ಲಿ ಗುರುತು ಹಾಕಿಕೊಂಡಿದ್ದೆ.

ಬಸ್ಸಿನಲ್ಲಿ ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಹೇಳಲು ಮಾತುಗಳಿದ್ದವು. ಅಳದ ಸೊಸೆಯ ಪಕ್ಕದಲ್ಲಿ ಕೂತು ಕಿಟಕಿಯ ಹೊರಗೆ ನೋಡುತ್ತಿದ್ದೆ. ಅರ್ಧ ದಾರಿಯಲ್ಲಿ ಅವಳೇ ಕೇಳಿದಳು.

"ಮಾವಾರ, ನೀವು ಮ್ಯಾಲಿನ ಆಫೀಸಿಗೆ ಇಂಗ್ಲಿಷಿನ್ಯಾಗ ಬರೀತಿದ್ರಂತಲ್ರಿ?"

"ಬರೀತಿದ್ದೆ."

"ಮಾತಾಡ್ತಿದ್ರೇನ್ರಿ?"

"ಯಾರ ಕೂಡ ಮಾತಾಡ್ಲಿ, ಬಾಂದದ ಕಲ್ಲಿನ ಕೂಡ?"

ಅವಳು ನಕ್ಕಳು. ಆ ದಿನ ನನಗೆ ಸಹ್ಯವಾದ ನಗು ಅದೊಂದೇ. "ಹಂಗಾದ್ರ ಇಬ್ರೂ ಕೂಡೇ ಕಲಿಯೂಣ್ರಿ. ಮುಂದಿನ ವರ್ಷ ಅದಽ ಕ್ವಾಣಿಗೆ ಹೋಗೂಣು."

ಬೇರೆ ಶಾಲೆಗಳಿವೆ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಅವಳಿಗೆ ಬೇಕಾದದ್ದು ಬರೀ ನೌಕರಿಯಾಗಿರಲಿಲ್ಲ. ಅದೇ ಕೋಣೆಯಲ್ಲಿ, ಅದೇ ಕುರ್ಚಿಯ ಮೇಲೆ ಕೂತು, ಆ ಮೂರನೆಯ ವಾಕ್ಯವನ್ನು ಮುಗಿಸುವುದು ಬೇಕಾಗಿತ್ತು. ನನಗೂ ಅದೇ ಬೇಕಾಗಿತ್ತು.

ಮರುದಿನ ಬೆಳಿಗ್ಗೆ ಅವಳು ಬಸದಿಗೆ ಹೋದಳು. ಹಿಡಿ ಅಕ್ಕಿ ಏರಿಸಿ, ಕೈಮುಗಿದು, ಒಂದು ವರ್ಷದ ನೇಮ ಹಿಡಿದು ಬಂದಳು. ನಮ್ಮಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಯುತ್ತದೆ. ಊಟವಾದಾಗಿನಿಂದ ಬಸದಿಯ ಆರತಿಯ ಗಂಟೆ ಕೇಳುವವರೆಗಿನ ಒಂದು ತಾಸು ಇಂಗ್ಲಿಷನ್ನೇ ಆಡಬೇಕು; ಬಾರದಿದ್ದರೆ ಮೌನವಾಗಿರಬೇಕು; ತಪ್ಪಿ ಕನ್ನಡವೋ ಮರಾಠಿಯೋ ಬಾಯಿಂದ ಬಂದರೆ ಮರುದಿನ ಉಪ್ಪಿಲ್ಲದ ಊಟ. ರಸ ಬಿಡುವುದು ನಮ್ಮ ಜೈನ ಮನೆಗಳಿಗೆ ಹೊಸದಲ್ಲ. ಹಬ್ಬದ ದಿನಗಳಲ್ಲಿ ಒಬ್ಬರು ತುಪ್ಪ ಬಿಡುತ್ತಾರೆ, ಇನ್ನೊಬ್ಬರು ಬೆಲ್ಲ ಬಿಡುತ್ತಾರೆ. ಆದರೆ ಇಂಗ್ಲಿಷಿಗಾಗಿ ಉಪ್ಪು ಬಿಟ್ಟವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ನನ್ನ ಹೆಂಡತಿಗೆ ಇದು ಸರಿಬೀಳಲಿಲ್ಲ. "ದೇವರ ಮುಂದ ಇಂಗ್ಲಿಷಿನ ನೇಮ ಹಿಡೀತಾರನ ಯವ್ವಾ?" ಎಂದಳು.

"ಬಾಯಿ ಹಿಡಿತದಾಗ ಇಡೂದು ನೇಮ ಅಲ್ಲೇನ್ರಿ ಅತ್ತಿ?"

ಹೆಂಡತಿ ಹೇಳಿದಳು, "ಹಿಡಿದ್ಯಾ, ಆತು. ಹಿಡಿದ ಮ್ಯಾಲ ಬಿಡಾಂಗಿಲ್ಲ. ನಾ ಉಪ್ಪಿನ ಭರಣಿ ನೋಡ್ಕೋತ ಇರ್ತೇನಿ." ಮಾತಿಗೆ ತಪ್ಪದ ಹೆಂಗಸು ಅವಳು, ನೋಡಿಕೊಳ್ಳುತ್ತಲೇ ಇದ್ದಳು.

ಒಬ್ಬಳೇ ಆಡಿದರೆ ಅದು ಮಾತಾಗುವುದಿಲ್ಲವಾದ್ದರಿಂದ ನಾನೂ ಅದೇ ನೇಮ ಹಿಡಿದೆ. ಮೊದಲ ವಾರ ನಮ್ಮ ಪಡಸಾಲೆಯಲ್ಲಿ ಮಾತಿಗಿಂತ ಮೌನವೇ ಹೆಚ್ಚಾಗಿತ್ತು. ನಾನು ಬಾಯಿ ತೆರೆದರೆ ನನ್ನ ಹಳೆಯ ವರದಿಗಳ ಭಾಷೆಯೇ ಹೊರಬೀಳುತ್ತಿತ್ತು. ಸದರಿ, ಮೇಲ್ಕಾಣಿಸಿದ, ಈ ಮೂಲಕ ಎಂಬರ್ಥದ ಇಂಗ್ಲಿಷ್ ಶಬ್ದಗಳಿಲ್ಲದೆ ನನಗೆ ನೀರನ್ನೂ ಕೇಳಲು ಬರುತ್ತಿರಲಿಲ್ಲ. ಒಂದು ದಿನ ಗಂಟೆ ಆದ ಮೇಲೆ ಅವಳು ಹೇಳಿದಳು, "ಮಾವಾರ, ನೀವು ಮಾತಾಡಿದ್ರ ಮನಿಗೆ ಕೋರ್ಟಿನ ನೋಟೀಸ ಬಂದಂಗ ಆಗ್ತೈತ್ರಿ." ಸೊಸೆಯಂದಿರ ಬಾಯಲ್ಲಿ ಇಂಥ ಮಾತನ್ನು ನಾನು ಸಹಿಸುವವನಲ್ಲ. ಅದು ನಿಜವಾಗಿತ್ತಾದ್ದರಿಂದ ಸಹಿಸಿಕೊಂಡೆ.

ಮೊದಲ ತಪ್ಪು ಹಾಲಿನಿಂದಾಯಿತು. ಒಲೆಯ ಮೇಲೆ ಹಾಲು ಉಕ್ಕಿ ಬರುವುದನ್ನು ಕಂಡು ಅವಳು, "ಅತ್ತೀ, ಹಾಲು ಉಕ್ಕಾಕತ್ತೈತ್ರಿ" ಎಂದು ಕೂಗಿಬಿಟ್ಟಳು. ಹೆಂಡತಿ ಹಾಲನ್ನು ಇಳಿಸಿದಳು. ಇಳಿಸಿ, ಉಪ್ಪಿನ ಭರಣಿಯನ್ನು ಮೇಲಿನ ಹಲಗೆಗೆ ಏರಿಸಿದಳು. ಮರುದಿನ ಉಪ್ಪಿಲ್ಲದ ಬದನೆಕಾಯಿ ಪಲ್ಯವನ್ನು ರೊಟ್ಟಿಗೆ ಹಚ್ಚಿಕೊಂಡು ಸೊಸೆ ಮುಖ ಸಿಂಡರಿಸದೆ ಉಂಡಳು. ಹದಿನೈದು ದಿನದ ನಂತರ ಮತ್ತೆ ಹಾಲು ಉಕ್ಕಿತು. ಈ ಸಲ ಅವಳು ಅದನ್ನು ಇಂಗ್ಲಿಷಿನಲ್ಲಿ ಕೂಗಿದಳು. ಹಿತ್ತಲಲ್ಲಿದ್ದ ನನ್ನ ಹೆಂಡತಿ ಓಡಿಬಂದು ಪಾತ್ರೆ ಇಳಿಸಿದಳು. ತಾನು ಏನನ್ನು ಅರ್ಥಮಾಡಿಕೊಂಡು ಓಡಿಬಂದೆನೆಂಬುದು ಪಾತ್ರೆ ಇಳಿಸಿದ ಮೇಲೆ ಅವಳಿಗೆ ಹೊಳೆಯಿತು.

ಆದರೂ ಹಾಲು, ನೀರು, ಬಾಗಿಲು ಇವುಗಳನ್ನು ದಾಟಿ ಮಾತು ಮುಂದೆ ಹೋಗುತ್ತಿರಲಿಲ್ಲ. ಅವಳು ಮೊದಲು ಕನ್ನಡದಲ್ಲಿ ವಾಕ್ಯ ಕಟ್ಟಿ, ಅದನ್ನು ಇಂಗ್ಲಿಷಿಗೆ ತಿರುಗಿಸಿ, ಆಮೇಲೆ ಆಡುತ್ತಿದ್ದಳು. ಅಷ್ಟರಲ್ಲಿ ಕೇಳುವವನ ಕಿವಿ ದಣಿಯುತ್ತಿತ್ತು. ಇದಕ್ಕೆ ಉಪಾಯ ನನ್ನ ವೃತ್ತಿಯಲ್ಲೇ ಸಿಕ್ಕಿತು. ಹೊಲದ ಖರೀದಿ ಪತ್ರದಲ್ಲಿ ಚಕ್ಕುಬಂದಿ ಬರೆಯುತ್ತಾರೆ: ಮೂಡಲಿಗೆ ಇಂಥದು, ಪಡುವಲಿಗೆ ಇಂಥದು, ತೆಂಕಲಿಗೆ, ಬಡಗಲಿಗೆ. ಅದನ್ನು ಬರೆಯುವವನು ಯೋಚಿಸುವುದಿಲ್ಲ. ನಿಂತಲ್ಲಿಂದ ಕಣ್ಣಿಗೆ ಕಂಡದ್ದನ್ನು ಹೇಳುತ್ತಾ ಹೋಗುತ್ತಾನೆ. ನಾನು ಅವಳನ್ನು ಊರ ಹೊರಗಿನ ನಮ್ಮ ಹೊಲದ ಬದುವಿನ ಮೇಲೆ ನಿಲ್ಲಿಸಿದೆ. ಬಾವಿಗೆ ಬೆನ್ನು ಮಾಡಿ ನಿಲ್ಲು, ಎಡಕ್ಕೆ ಏನಿದೆ ಇಂಗ್ಲಿಷಿನಲ್ಲಿ ಹೇಳು, ಅದರಾಚೆ ಏನಿದೆ, ಅಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂದು ಕೇಳುತ್ತಾ ಹೋದೆ. ಕಣ್ಣೆದುರಿನ ಎಮ್ಮೆಯನ್ನು ಕನ್ನಡದಿಂದ ತಿರುಗಿಸಬೇಕಾದ ಗರಜು ಇರಲಿಲ್ಲ. ಅದು ಅಲ್ಲೇ ನಿಂತಿತ್ತು.

ಆಮೇಲೆ ಅವಳು ಎಲ್ಲದಕ್ಕೂ ಚಕ್ಕುಬಂದಿ ಹಾಕತೊಡಗಿದಳು. ಪಡಸಾಲೆಗೆ, ದನದ ಕೊಟ್ಟಿಗೆಗೆ, ಬಸ್ ಸ್ಟ್ಯಾಂಡಿಗೆ, ಕೊನೆಗೆ ಸಿಟ್ಟಿಗೆ, ಸಂತೋಷಕ್ಕೆ ಸಹ: ಇದರ ಹಿಂದೆ ಏನಿತ್ತು, ಮುಂದೆ ಏನಾಯಿತು, ಪಕ್ಕದಲ್ಲಿ ಯಾರಿದ್ದರು. ನಾನು ಕಲಿಸಿದ್ದು ನಾಲ್ಕು ದಿಕ್ಕು ಮಾತ್ರ. ಅವುಗಳ ನಡುವೆ ಇಷ್ಟೆಲ್ಲ ಜಾಗವಿದೆಯೆಂದು ತೋರಿಸಿದವಳು ಅವಳು. ಆಡಿದ್ದನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು, ಬೆಳಿಗ್ಗೆ ರೊಟ್ಟಿ ಬಡಿಯುವಾಗ ತನ್ನ ದನಿಯನ್ನೇ ಕೇಳಿ, ಎಡವಿದಲ್ಲಿ ನಿಲ್ಲಿಸಿ, ಸರಿಪಡಿಸಿ ಮತ್ತೆ ಆಡುತ್ತಿದ್ದಳು. ತಾನು ಕಲಿಸುತ್ತೇನೆಂದು ಮಗ ಒಂದು ಭಾನುವಾರ ಕೂತ. ಶಬ್ದಶಬ್ದಕ್ಕೂ ತಡೆದು ತಿದ್ದಿದ. ಅವಳು ಅರ್ಧ ತಾಸಿನಲ್ಲಿ ಎದ್ದು, "ನೀವು ಸುಮ್ಮಕ ಕೇಳ್ರಿ. ತಪ್ಪು ನಾ ಹುಡುಕ್ತೇನಿ" ಎಂದಳು. ಅಂದಿನಿಂದ ಅವನು ಸುಮ್ಮನೆ ಕೇಳಿದ. ತನ್ನ ತಪ್ಪನ್ನು ಇಷ್ಟು ಸಮಾಧಾನದಿಂದ ಎದುರಿಸುವವರನ್ನು ನಾನು ನನ್ನ ಇಲಾಖೆಯಲ್ಲಿ ಕಂಡಿಲ್ಲ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಈ ಮಧ್ಯೆ ಓಣಿಯಲ್ಲಿ ಬೇರೆಯೇ ಒಂದು ಸುದ್ದಿ ಹುಟ್ಟಿಕೊಂಡಿತ್ತು. ನಮ್ಮ ಸೊಸೆ ಉಪ್ಪು ಬಿಡುತ್ತಾಳೆ. ಸಂಜೆ ಊಟವಾದ ಮೇಲೆ ಯಾರ ಕೂಡವೂ ಮಾತಾಡುವುದಿಲ್ಲ. ಒಬ್ಬಳೇ ಹೊಲದ ಬದುವಿನ ಮೇಲೆ ನಿಂತು ತುಟಿ ಅಲುಗಿಸುತ್ತಾಳೆ. ಇವು ಮೂರೂ ಕೂಡಿದರೆ ನಮ್ಮ ಕಡೆ ಒಂದೇ ಅರ್ಥ: ಇವಳು ಸಂಸಾರ ಬಿಟ್ಟು ದೀಕ್ಷೆ ತೆಗೆದುಕೊಳ್ಳಲಿದ್ದಾಳೆ. ಬೇರೆ ಊರಿನಲ್ಲಾದರೆ ಹುಚ್ಚು ಹಿಡಿದಿದೆ ಎನ್ನುತ್ತಿದ್ದರೇನೋ. ನಮ್ಮ ಊರು ಅಷ್ಟು ಮಟ್ಟಿಗೆ ಉದಾರವಾದದ್ದು.

ಒಂದು ಸಂಜೆ ನೇಮದ ತಾಸಿನಲ್ಲೇ ಓಣಿಯ ಏಳೆಂಟು ಹೆಂಗಸರು ತೆಂಗಿನಕಾಯಿ, ಅಕ್ಕಿ, ಕುಬಸದ ಖಣ ಹಿಡಿದು ನಮ್ಮ ಪಡಸಾಲೆಗೆ ಬಂದರು. ದೀಕ್ಷೆಗೆ ಹೊರಟವರಿಗೆ ಉಡಿ ತುಂಬುವುದು ನಮ್ಮಲ್ಲಿಯ ಪದ್ಧತಿ. ಹೆಂಡತಿ ಆರತಿಯ ತಯಾರಿಗೆಂದು ಬೇಗನೆ ಬಸದಿಗೆ ಹೋಗಿದ್ದಳು. ಮನೆಯಲ್ಲಿದ್ದವರು ನಾವಿಬ್ಬರೇ, ಇಬ್ಬರೂ ನೇಮದಲ್ಲಿದ್ದವರು. ಸೊಸೆ ಕೈಮುಗಿದು, ಇದು ದೀಕ್ಷೆಯಲ್ಲ, ತಾನು ಶಿಕ್ಷಕಿಯಾಗಲು ಇಂಗ್ಲಿಷನ್ನು ರೂಢಿ ಮಾಡಿಕೊಳ್ಳುತ್ತಿದ್ದೇನೆ ಎಂದು ಬಹಳ ಒಳ್ಳೆಯ ಇಂಗ್ಲಿಷಿನಲ್ಲಿ ವಿವರಿಸಿದಳು. ಹೆಂಗಸರು ತಲೆಯ ಮೇಲೆ ಸೆರಗು ಹೊದ್ದುಕೊಂಡು ಭಕ್ತಿಯಿಂದ ಕೇಳಿದರು.

"ಎಷ್ಟು ಸಮಾಧಾನ ಐತಿ ನೋಡ ಮಾರಿ ಮ್ಯಾಲ" ಎಂದಳು ಒಬ್ಬಳು.

"ಸಣ್ಣ ವಯಸ್ಸು. ಗಂಡನ್ನ ಹ್ಯಾಂಗ ಒಪ್ಪಿಸಿದಳೋ" ಎಂದಳು ಇನ್ನೊಬ್ಬಳು.

ಅಷ್ಟರಲ್ಲಿ ಬಾಗಿಲಲ್ಲಿ ನಮ್ಮ ಬೀಗತಿ, ಅಂದರೆ ಸೊಸೆಯ ತಾಯಿ, ಬಂದು ನಿಂತರು. ಸುದ್ದಿ ದಿಗ್ಗೇವಾಡಿ ಮುಟ್ಟಿ, ಅವರು ಸಿಕ್ಕ ಬಸ್ಸು ಹತ್ತಿ ಬಂದಿದ್ದರು. ಕೈಯಲ್ಲಿ ಚೀಲವಿರಲಿಲ್ಲ, ಕಾಲಲ್ಲಿ ಎರಡು ಬೇರೆ ಬೇರೆ ಜೋಡಿಯ ಚಪ್ಪಲಿಗಳಿದ್ದವು. ಮಗಳ ಎರಡೂ ಕೈ ಹಿಡಿದು, "ನನಗ ಒಂದ ಮಾತ ಹೇಳಲಾರದಂಗ ಆದ್ಯಾ ಯವ್ವಾ?" ಎಂದು ಅಳತೊಡಗಿದರು.

ಸೊಸೆ ನನ್ನ ಕಡೆ ನೋಡಿದಳು. ಆರತಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಅವಳು ಬಾಯಿ ತೆರೆಯುವುದರೊಳಗೆ ನಾನು ತೆರೆದೆ.

"ಬೀಗತಿಯವರ, ಅಳಬ್ಯಾಡ್ರಿ. ಈಕಿ ಮಾತಾಜಿ ಆಗಾಕ ಹೊಂಟಿಲ್ಲ, ಸಾಳ್ಯಾಗ ಟೀಚರ ಆಗಾಕ ಹೊಂಟಾಳ. ಇಂಗ್ಲಿಷ್ ಕಲಿಯಾಕತ್ತಾಳ."

ಬೀಗತಿ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು, "ಇಂಗ್ಲಿಷ್ ಕಲಿಯಾಕ ಉಪ್ಪ ಯಾಕ ಬಿಡಬೇಕ್ರಿ ಬೀಗರ?"

ಉತ್ತರ ಕೊಡಬೇಕಾದವರು ಚಿಕ್ಕೋಡಿಯಲ್ಲಿದ್ದರು.

ಬಂದ ಹೆಂಗಸರು ಕಾಯಿ, ಖಣ ಹಿಡಿದುಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. ಅವರಲ್ಲಿ ಹಿರಿಯಳಾದ ಮುದುಕಿ ಗಂಟಲು ಸರಿಮಾಡಿಕೊಂಡು, "ತಂದ ಉಡಿ ಹೊಳ್ಳಿ ಒಯ್ಯಾಕ ಬರಾಂಗಿಲ್ಲ. ಟೀಚರ ಆಗ್ತಾಳಂದ್ರ ಟೀಚರ ಆಗ್ಲಿ, ತುಂಬ್ರಿ" ಎಂದಳು. ತುಂಬಿದರು. ಪ್ರತಿಯೊಬ್ಬಳಿಗೂ ಸೊಸೆ ಇಂಗ್ಲಿಷಿನಲ್ಲೇ ಧನ್ಯವಾದ ಹೇಳಿದಳು. ತಾಯಿಯ ಕಣ್ಣೀರಿನ ಎದುರಿಗೂ ಅವಳ ನೇಮ ಮುರಿಯಲಿಲ್ಲ. ಮುರಿದದ್ದು ನನ್ನದು. ಮರುದಿನ ನನ್ನ ತಾಟಿನ ಬದಿಗೆ ಉಪ್ಪು ಬೀಳಲಿಲ್ಲ. ಸೊಸೆ ತನ್ನ ಪಲ್ಯಕ್ಕೂ ಉಪ್ಪು ಹಾಕಿಕೊಳ್ಳಲಿಲ್ಲ.

ಈ ವರ್ಷದ ಬೇಸಿಗೆಯಲ್ಲಿ ಅದೇ ಶಾಲೆ ಅದೇ ಹುದ್ದೆಗೆ ಮತ್ತೆ ಪ್ರಕಟಣೆ ಕೊಟ್ಟಿತು. ನಡುವೆ ತೆಗೆದುಕೊಂಡವರು ನಿಲ್ಲದೆ ಹೋಗಿದ್ದರಂತೆ. ನಾವು ಮತ್ತೆ ಅದೇ ಬಾಕಿನ ಮೇಲೆ ಕೂತೆವು. ಅದರ ಕಾಲು ಇನ್ನೂ ಗಿಡ್ಡವೇ ಇತ್ತು. ಸೊಸೆಯ ತೊಡೆಯ ಮೇಲೆ ಅದೇ ಚೀಲ: ಖಡು, ಕೈವಾರ, ಟಿಪ್ಪಣಿ. ತೆರೆದ ಬಾಗಿಲಿನೊಳಗೆ ಅದೇ ನಾಲ್ವರು, ಅದೇ ಅನುಕ್ರಮದಲ್ಲಿ.

ನಿಮ್ಮ ಬಗ್ಗೆ ಹೇಳಿ ಎಂದು ಕನ್ನಡಕದವರು ಕೇಳಿದರು.

ಅವಳು ತನ್ನದೇ ಚಕ್ಕುಬಂದಿ ಹೇಳಿದಳು. ಅವಳ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಬರೆಯುತ್ತೇನೆ. ನನ್ನ ಮೂಡಲಿಗೆ ಕೃಷ್ಣಾ ನದಿಯಿದೆ, ಅದರ ದಂಡೆಯಲ್ಲಿ ನನ್ನ ತಾಯಿ ಇದ್ದಾಳೆ, ಅವಳು ನನಗೆ ಎಣಿಸಲು ಕಲಿಸಿದಳು. ನನ್ನ ಬಡಗಲಿಗೆ ದೂಧಗಂಗಾ ಇದೆ, ಅಲ್ಲಿ ನಮ್ಮ ಹೊಲವಿದೆ, ಅದರ ಬದುವಿನ ಮೇಲೆ ನಾನು ಈ ಭಾಷೆಯನ್ನು ಆಡಲು ಕಲಿತೆ. ನನ್ನ ಪಡುವಲಿಗೆ ಕೊಲ್ಹಾಪುರದ ಸೀಮೆ, ಅಲ್ಲಿಯ ಮರಾಠಿಯನ್ನು ನಾನು ಸಂತೆಯಲ್ಲಿ ಕಲಿತೆ, ಯಾರೂ ನನ್ನನ್ನು ತಿದ್ದಲಿಲ್ಲ. ನನ್ನ ತೆಂಕಲಿಗೆ ಈ ಕೋಣೆಯಿದೆ. ಇಲ್ಲಿ ಹೋದ ವರ್ಷ ನಾನು ಒಂದು ವಾಕ್ಯವನ್ನು ಅರ್ಧಕ್ಕೆ ಬಿಟ್ಟು ಹೋಗಿದ್ದೆ. ಅದು ಹೀಗಿತ್ತು: ನನಗೆ ಗಣಿತ ಕಲಿಸುವುದೆಂದರೆ ಇಷ್ಟ.

ಅವಳು ಒಂದು ಕಡೆಯೂ ತಡವರಿಸಲಿಲ್ಲ. ದನಿ ಏರಿಸಲಿಲ್ಲ. ಹೊರಗೆ ಕೂತ ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಐದು ತಾಲೂಕುಗಳ ಸೀಮೆಯನ್ನು ನಾನು ಅಳೆದಿದ್ದೇನೆ. ಒಬ್ಬ ವ್ಯಕ್ತಿಯನ್ನು ಇಷ್ಟು ಕರಾರುವಾಕ್ಕಾಗಿ ಗುರುತಿಸಿದ ಚಕ್ಕುಬಂದಿಯನ್ನು ಎಲ್ಲಿಯೂ ಓದಿಲ್ಲ.

ಒಳಗೆ ಯಾರೂ ನಗಲಿಲ್ಲ. ಹವ್ಯಾಸಗಳೇನು, ಐದು ವರ್ಷದ ನಂತರ ಎಲ್ಲಿರುತ್ತೀರಿ ಎಂದು ಇನ್ನೆರಡು ಪ್ರಶ್ನೆ ಕೇಳಿದರು. ಉತ್ತರಗಳು ಬಂದವು. ಆಮೇಲೆ ಕನ್ನಡಕದವರು ತಾವೇ ಇಂಗ್ಲಿಷ್ ಬಿಟ್ಟು, "ಚಲೋ ತಯಾರಿ ಆಗೈತಿ. ಎಲ್ಲಿ ಕ್ಲಾಸ್ ಹಚ್ಚಿದ್ರಿ, ಕೊಲ್ಹಾಪುರದಾಗ?" ಎಂದರು.

"ಇಲ್ರಿ. ಮನ್ಯಾಗ, ನಮ್ಮ ಮಾವಾರ ಕೂಡ."

"ಮಾವ ಏನು ಪ್ರೊಫೆಸರ್ರ?"

"ಅಲ್ರಿ. ಹೊಲಾ ಅಳೀತಿದ್ರು."

ಅವಳನ್ನು ತೆಗೆದುಕೊಂಡರು. ಈಗ ದಿನಾಲೂ ಸದಲಗಾದಿಂದ ಚಿಕ್ಕೋಡಿಗೆ ಹೋಗಿ ಬರುತ್ತಾಳೆ. ಆರನೆಯ ತರಗತಿಯ ಮಕ್ಕಳಿಗೆ ಭಿನ್ನರಾಶಿ ಇಂಗ್ಲಿಷಿನಲ್ಲಿ ತಲೆಗೆ ಹತ್ತದಿದ್ದಾಗ ಹೊಲದ ಹಿಸ್ಸೆ ಮಾಡಿದ ಹಾಗೆ ಹಲಗೆಯ ಮೇಲೆ ಗೆರೆ ಎಳೆದು, ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಹೇಳಿ, ತಿರುಗಿ ಇಂಗ್ಲಿಷಿಗೆ ತರುತ್ತಾಳೆಂದು ತಿಳಿಯಿತು. ಮಕ್ಕಳು ಅವಳ ತಾಸಿಗೆ ಕಾಯುತ್ತಾರಂತೆ. ಮನೆಯಲ್ಲಿ ನೇಮದ ಅವಧಿ ಮುಗಿದಿದೆ, ಉಪ್ಪಿನ ಭರಣಿ ಕೆಳಗೆ ಇಳಿದಿದೆ. ಆದರೂ ಹಾಲು ಉಕ್ಕಿದಾಗ ನನ್ನ ಹೆಂಡತಿ ಅದನ್ನು ಇಂಗ್ಲಿಷಿನಲ್ಲೇ ಕೂಗುತ್ತಾಳೆ.

ಹಳೆಯದನ್ನು ತೆಗೆದರೆ ಸೊಸೆ, "ಬಿಡ್ರಿ ಮಾವಾರ, ಆತಲ್ಲ" ಎನ್ನುತ್ತಾಳೆ. ಅವಳು ಬಿಟ್ಟಿದ್ದಾಳೆ, ಅದು ಅವಳ ದೊಡ್ಡತನ. ನಾನು ಬಿಟ್ಟಿಲ್ಲ. ನೀವು ನಕ್ಕದ್ದನ್ನು ಬೇಕಾದರೆ ಬದಿಗಿಡುತ್ತೇನೆ, ಬಾಕನ್ನೂ ನೀರನ್ನೂ ಬದಿಗಿಡುತ್ತೇನೆ. ಆದರೆ ಎರಡನೆಯ ಸಲವೂ ಆ ಚೀಲ ಗಂಟು ಹಾಕಿದ್ದು ಹಾಗೆಯೇ ಹೊರಗೆ ಬಂದಿತು. ಅದನ್ನು ಹೊತ್ತು ನನ್ನ ಸೊಸೆ ನಿಮ್ಮ ಕೋಣೆಗೆ ಎರಡು ಸಲ ಬಂದಿದ್ದಳು. ಆದ್ದರಿಂದ ನಿಮ್ಮ ನಾಲ್ವರನ್ನೂ ಕೇಳುತ್ತೇನೆ: ಗಣಿತದ ಶಿಕ್ಷಕಿಯನ್ನು ಆರಿಸಲು ಕೂತಿದ್ದ ನೀವು, ಎರಡು ಸಂದರ್ಶನಗಳಲ್ಲಿ, ಅವಳಿಗೆ ಒಂದೇ ಒಂದು ಲೆಕ್ಕವನ್ನಾದರೂ ಏಕೆ ಕೊಡಲಿಲ್ಲ?